ಇಂಗ್ಲಿಷ್ ತೋಟದ ಕಿಟ್, ಬೆಳಗಾವಿಯ ಹಿತ್ತಲು: ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

‘ಇಂಗ್ಲಿಷ್ ಕಾಟೇಜ್ ಗಾರ್ಡನ್’ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲೂ ನರ್ಸರಿಗಳಲ್ಲೂ ಮಾರುವ ಸಾಮಾನು ಹೆಚ್ಚುಕಡಿಮೆ ಒಂದೇ. ಹತ್ತಿಪ್ಪತ್ತು ಬಗೆಯ ಹೂವಿನ ಬೀಜದ ಪೊಟ್ಟಣ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಬಳ್ಳಿ ಹಬ್ಬಿಸುವ ಕಮಾನು, ಬಿಳಿ ಬಣ್ಣದ ಮರದ ಬೇಲಿ, ಹುಲ್ಲಿನ ಹಾಸು. ಜೊತೆಗೆ ‘ನಾವೇ ಬಂದು ಮಾಡಿಕೊಡುತ್ತೇವೆ’ ಎನ್ನುವ ಗುತ್ತಿಗೆ. ಟಿಳಕವಾಡಿ, ಹಿಂದವಾಡಿ ಕಡೆಯ ಸಾಮಾನ್ಯ ಮನೆಯೊಂದರ ಹಿಂದಿನ 20 ಅಡಿ ಅಗಲ, 30 ಅಡಿ ಉದ್ದದ ಹಿತ್ತಲನ್ನು ಅಳತೆಗೋಲಾಗಿ ಇಟ್ಟುಕೊಂಡರೆ ತೀರ್ಪು ಹೀಗಿದೆ: ಬೀಜದಲ್ಲಿ ಅರ್ಧದಷ್ಟು ಕೆಲಸಕ್ಕೆ ಬರುತ್ತದೆ, ಕಮಾನು ಇಲ್ಲೇ ಮಾಡಿಸುವುದು ಲೇಸು, ಬೇಲಿ ಮತ್ತು ಹುಲ್ಲುಹಾಸು ಬೇಡ. ಉಳಿದ ದುಡ್ಡೆಲ್ಲ ಮಣ್ಣಿಗೆ ಹೋಗಬೇಕು.

ಕಿಟ್‌ನ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮೋಸಹೋಗುವುದು ಸುಲಭ. ಕಾಟೇಜ್ ತೋಟವೆಂದರೆ ಮೂಲದಲ್ಲಿ ಇಂಗ್ಲೆಂಡಿನ ಹಳ್ಳಿಯ ಕೂಲಿಕಾರರ ಮನೆಯ ಜಾಗ. ಕೋಸು, ಅವರೆ, ಔಷಧಿ ಸೊಪ್ಪು, ನಡುವೆ ಹೂವು, ಎಲ್ಲವೂ ಒತ್ತೊತ್ತಾಗಿ. ಕರಿಬೇವು, ಬಸಳೆ, ದುಂಡುಮಲ್ಲಿಗೆ, ತುಳಸಿಕಟ್ಟೆ ಇರುವ ನಮ್ಮ ಹಿತ್ತಲು ಅದಕ್ಕೆ ಬಹಳ ದೂರದ್ದೇನಲ್ಲ. ಆದ್ದರಿಂದ ಇದ್ದದ್ದನ್ನು ಕಿತ್ತುಹಾಕಿ ಶುರುಮಾಡುವ ಅಗತ್ಯವೇ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸದಾ ತೇವ ಇರುತ್ತದೆ. ಆದರೆ ಸೋಪಿನ ನೀರು ಮಡಿಗೆ ಹರಿಯದಂತೆ ಸಣ್ಣ ಕಾಲುವೆ ತೆಗೆಯಬೇಕು. ಆ ನೋಟಕ್ಕೆ ಮುಖ್ಯವಾದವು ಮೂರೇ: ಬರಿ ಮಣ್ಣು ಕಾಣದಷ್ಟು ದಟ್ಟ ನೆಡುವಿಕೆ, ನಡುವೆ ಒಂದು ಗಟ್ಟಿ ಕಾಲುದಾರಿ, ಸುತ್ತಲೂ ಒಂದು ಅಂಚು. ಇವು ಮೂರೂ ಕಿಟ್‌ನಲ್ಲಿ ಬರುವುದಿಲ್ಲ.

ಮೊದಲು ಮಣ್ಣು, ಏಕೆಂದರೆ ಸೋಲು ಶುರುವಾಗುವುದು ಇಲ್ಲಿಂದಲೇ. ಬೆಳಗಾವಿಯ ಪಶ್ಚಿಮಕ್ಕೆ, ಖಾನಾಪುರದ ದಿಕ್ಕಿಗೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಪೂರ್ವಕ್ಕೆ ಹೋದಂತೆ ಎರೆಮಣ್ಣು. ಒಂದು ಹಿಡಿ ಒದ್ದೆ ಮಣ್ಣನ್ನು ಬೆರಳಲ್ಲಿ ಒತ್ತಿ ಪಟ್ಟಿಯಂತೆ ಎಳೆಯಿರಿ. ಎರಡಂಗುಲ ಎಳೆದರೂ ಹರಿಯದಿದ್ದರೆ ಅದು ಎರೆ. ಎರೆಮಣ್ಣು ಮಳೆಗೆ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ, ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ಇಂಗ್ಲಿಷ್ ತೋಟದ ಬಹುತೇಕ ಹೂಗಿಡಗಳಿಗೆ ನಿಂತ ನೀರು ಆಗದು. ಅದನ್ನು ಸರಿಪಡಿಸಲು ನಾಲ್ಕು ಬುಟ್ಟಿ ಮರಳನ್ನು ನೇರವಾಗಿ ಎರೆಗೆ ಬೆರೆಸುವ ಅಭ್ಯಾಸವಿದೆ. ಅದನ್ನು ಮಾಡಬೇಡಿ, ಅಷ್ಟು ಮರಳಿಗೆ ಎರೆ ಸಡಿಲಾಗುವುದಿಲ್ಲ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಸರಿಯಾದ ದಾರಿ ಏರುಮಡಿ. ಜಂಬಿಟ್ಟಿಗೆ ಕಲ್ಲನ್ನು ಸಿಮೆಂಟಿಲ್ಲದೆ ಒಂದರ ಪಕ್ಕ ಒಂದು ಜೋಡಿಸಿ, ಒಂದಡಿ ಎತ್ತರದ ಅಂಚು ಕಟ್ಟಿ. ಸಂದಿಯಿಂದ ನೀರು ತಾನೇ ಬಸಿಯುತ್ತದೆ. ಎರಡೂ ಗೋಡೆಯ ಪಕ್ಕ ತಲಾ 4 ಅಡಿ ಅಗಲ, 15 ಅಡಿ ಉದ್ದದ ಮಡಿ ಸಾಕು. ಅಗಲ 4 ಅಡಿ ದಾಟಿದರೆ ಕಳೆ ತೆಗೆಯಲು ಮಡಿಯ ಮೇಲೆ ಕಾಲಿಡಬೇಕಾಗುತ್ತದೆ, ಮಣ್ಣು ಮತ್ತೆ ಬಿಗಿಯುತ್ತದೆ. ಅಂತಹ ಒಂದು ಮಡಿಗೆ 60 ಘನ ಅಡಿ, ಅಂದರೆ ಅರ್ಧ ಬ್ರಾಸಿಗಿಂತ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಸ್ವಲ್ಪ ಹೆಚ್ಚು ತುಂಬುವ ಮಣ್ಣು ಬೇಕು: 30 ಘನ ಅಡಿ ಮಸಾರಿ (ಕೆಂಪು) ಮಣ್ಣು, 15 ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, 15 ದಪ್ಪ ಮರಳು, ಮೇಲೆ ಮುಕ್ಕಾಲು ಕಿಲೋ ಬೇವಿನ ಹಿಂಡಿ. ಗೊಬ್ಬರ ಮುಟ್ಟಿದರೆ ಬೆಚ್ಚಗಿದ್ದರೆ ಅಥವಾ ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಎಳೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಅದರ ಜೊತೆಗೇ ಬರುತ್ತದೆ. ತುಂಬಿದ ಮಣ್ಣು ಮೊದಲ ಮಳೆಗೆ ಎರಡು ಮೂರು ಅಂಗುಲ ಕೂರುವುದು ಸಹಜ, ಹಾಗಾಗಿ ಈ ಕೆಲಸ ಮೇ ತಿಂಗಳಲ್ಲೇ ಮುಗಿಯಲಿ.

ಕಿಟ್‌ನ ಕೋಕೋಪೀಟ್ ಮಡಿಗೆ ಸಾಲದು. ಸಸಿ ಟ್ರೇಗೆ ಮಾತ್ರ ಸರಿ. ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನಂಶ ಹೆಚ್ಚು. ನೆನೆಸಿ, ಹಿಂಡಿ, ಎರಡು ಸಲ ನೀರು ಬದಲಿಸಿದ ಮೇಲೆಯೇ ಬಳಸಿ. ಇಲ್ಲದಿದ್ದರೆ ಮೊಳಕೆಯ ಎಲೆಯ ತುದಿ ಕಂದುತ್ತದೆ, ಜನ ಬೀಜವನ್ನು ದೂರುತ್ತಾರೆ.

ಈಗ ಬೀಜ. ಪೊಟ್ಟಣದ ಹಿಂದೆ ‘ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತಿರಿ’ ಎಂದು ಬರೆದಿದ್ದರೆ ಅದು ಇಂಗ್ಲೆಂಡಿನ ಲೆಕ್ಕ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದ ಬೆಳಗಾವಿಗೂ ಆ ಲೆಕ್ಕ ಹೊಂದದು. ಅವರ ಬೇಸಿಗೆಯ ಹೂವು ನಮಗೆ ಚಳಿಗಾಲದ ಹೂವು. ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿ, ನವೆಂಬರಿನಲ್ಲಿ ನಾಟಿ ಮಾಡಿದರೆ ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಹೂವು. ಡಿಸೆಂಬರಿನಲ್ಲಿ ಬಿತ್ತಿದ್ದು ಮೊಗ್ಗು ಬಿಡುವ ಹೊತ್ತಿಗೆ ಬಿಸಿಲಿಗೆ ಸಿಕ್ಕು ಗೇಣುದ್ದದಲ್ಲೇ ನಿಂತುಬಿಡುತ್ತದೆ. ಕೊಳ್ಳುವಾಗ ಪ್ಯಾಕ್ ಆದ ತಿಂಗಳು ನೋಡಿ. ಅನುಮಾನವಿದ್ದರೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೊಳೆತದ್ದು 12ಕ್ಕಿಂತ ಕಡಿಮೆಯಾದರೆ ದುಪ್ಪಟ್ಟು ಬಿತ್ತಬೇಕು.

ಕಿಟ್‌ನಲ್ಲಿ ಬರುವವುಗಳ ಪೈಕಿ ದುಡ್ಡಿಗೆ ಪೂರ್ತಿ ನ್ಯಾಯ ಕೊಡುವುದು ಹಾಲಿಹಾಕ್. ಐದಾರು ಅಡಿ ಎತ್ತರದ ಹೂಗೊಂಚಲು, ಗೋಡೆಗೆ ಒರಗಿ ನಿಂತರೆ ಆ ತೋಟದ ಚಹರೆಯೇ ಅದು. ದಾಸವಾಳ, ಬೆಂಡೆ, ಹತ್ತಿಯ ಬಳಗದ್ದಾದ್ದರಿಂದ ಬಿಸಿಲು ಸಹಿಸುತ್ತದೆ. ಬೆಂಡೆಗೆ ಬರುವ ಹಿಟ್ಟುತಿಗಣೆ ಇದಕ್ಕೂ ಬರುತ್ತದೆ. ಒಂದೂವರೆ ಅಡಿಗೆ ಒಂದರಂತೆ ಗೋಡೆಯ ಸಾಲಿಗೆ ನೆಡಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಗುಳ್ಳೆ ಕಂಡರೆ ಅದು ತುಕ್ಕುರೋಗ. ಕೆಳಗಿನ ಎಲೆ ಕಿತ್ತು ಸುಡಬೇಕು, ನೀರು ಎಲೆಯ ಮೇಲಲ್ಲ, ಬುಡಕ್ಕೆ ಕೊಡಬೇಕು. ಕಿಟ್‌ನಲ್ಲಿರುವುದು ಅದೇ ವರ್ಷ ಹೂಬಿಡುವ ತಳಿಯೇ ಎಂದು ಖಚಿತಪಡಿಸಿಕೊಳ್ಳಿ. ಎರಡನೇ ವರ್ಷ ಹೂಬಿಡುವ ತಳಿಯಾದರೆ ನಮ್ಮ ಮಳೆಗಾಲ ದಾಟುವುದರೊಳಗೆ ಬುಡ ಕೊಳೆಯುತ್ತದೆ.

ಎರಡನೆಯದು ಲಾರ್ಕ್‌ಸ್ಪರ್. ಡೆಲ್ಫಿನಿಯಂನ ನೀಲಿ ಕಂಬಗಳಿಗೆ ಮರುಳಾದವರು ಇದನ್ನೇ ಬೆಳೆಯಬೇಕು. ಡೆಲ್ಫಿನಿಯಂ ನಮ್ಮ ಏಪ್ರಿಲ್ ಕಾಣುವುದಿಲ್ಲ. ಲಾರ್ಕ್‌ಸ್ಪರ್ ಬೀಜಕ್ಕೆ ತಂಪು ಮತ್ತು ಕತ್ತಲೆ ಎರಡೂ ಬೇಕು. ಒದ್ದೆ ಮರಳಿನೊಂದಿಗೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಹತ್ತು ದಿನ ಇಟ್ಟು, ನಂತರ ಅರ್ಧ ಸೆಂಟಿಮೀಟರ್ ಆಳಕ್ಕೆ ನೇರವಾಗಿ ಮಡಿಯಲ್ಲೇ ಬಿತ್ತಿ. ಕಿತ್ತು ನೆಟ್ಟರೆ ಮುನಿಸಿಕೊಳ್ಳುವ ಗಿಡ ಇದು. ಬೀಜ, ಎಳೆ ಗಿಡ ಎರಡೂ ವಿಷ. ಮಕ್ಕಳು, ಸಾಕುಪ್ರಾಣಿ ಇರುವ ಮನೆಯಲ್ಲಿ ಇದು ಗೊತ್ತಿರಲೇಬೇಕು.

ಸ್ನ್ಯಾಪ್‌ಡ್ರ್ಯಾಗನ್ ಮತ್ತು ಪೆಟೂನಿಯಾ ಬೀಜ ದೂಳಿನಷ್ಟು ಸಣ್ಣ. ಅವಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚಿದರೆ ಮುಗಿಯಿತು. ನೀರನ್ನೂ ಮೇಲಿಂದ ಸುರಿಯದೆ ಟ್ರೇಯ ಅಡಿಯಿಂದ ಹೀರಿಸಬೇಕು. ಸ್ನ್ಯಾಪ್‌ಡ್ರ್ಯಾಗನ್ ನಾಲ್ಕಂಗುಲ ಬೆಳೆದಾಗ ಕುಡಿ ಚಿವುಟಿದರೆ ಒಂದರ ಬದಲು ನಾಲ್ಕೈದು ಕದಿರು. ಫ್ಲಾಕ್ಸ್, ಡಯಾಂಥಸ್, ಅಲಿಸಂ, ನಸ್ಟರ್ಶಿಯಂ ಯಾವ ರಗಳೆಯೂ ಇಲ್ಲದೆ ಬರುತ್ತವೆ. ನಸ್ಟರ್ಶಿಯಂಗೆ ಮಾತ್ರ ಗೊಬ್ಬರ ಹಾಕಿದರೆ ಬರಿ ಎಲೆ.

ಇನ್ನು ದಂಡದ ಪಟ್ಟಿ: ಪಿಯೋನಿ, ಲೂಪಿನ್, ಫಾಕ್ಸ್‌ಗ್ಲವ್, ಇಂಗ್ಲಿಷ್ ಲ್ಯಾವೆಂಡರ್. ಪಿಯೋನಿಗೆ ಹೂಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು, ಅದು ಬೆಳಗಾವಿಯಲ್ಲಿ ಇಲ್ಲ. ಲ್ಯಾವೆಂಡರ್ ಚಳಿಗಾಲದಲ್ಲಿ ಚೆನ್ನಾಗಿ ಕಂಡು ಜುಲೈ ಮಳೆಗೆ ಕರಗುತ್ತದೆ. ಆ ಬಣ್ಣಕ್ಕೆ ನೀಲಿ ಸಾಲ್ವಿಯಾ ನೆಡಿ, ಬೇಸಿಗೆಗೆ ಏಂಜಲೋನಿಯಾ. ಎರಡೂ ನರ್ಸರಿಯಲ್ಲಿ ಸಸಿಯಾಗಿಯೇ ಸಿಗುತ್ತವೆ. ‘ವೈಲ್ಡ್‌ಫ್ಲವರ್ ಮಿಕ್ಸ್’ ಎಂಬ ಕಲಬೆರಕೆ ಪೊಟ್ಟಣವನ್ನೂ ಬಿಡಿ. ಕಾಸ್ಮಾಸ್ ಮತ್ತು ಗೈಲಾರ್ಡಿಯಾ ಮೊದಲೆದ್ದು ಉಳಿದವನ್ನು ನುಂಗುತ್ತವೆ.

ನೆಡುವ ರೀತಿಯಲ್ಲೂ ಕಿಟ್‌ನ ಕೈಪಿಡಿ ದಾರಿ ತಪ್ಪಿಸುತ್ತದೆ. ಪ್ರತಿ ಬಗೆಯಲ್ಲಿ ಒಂದೆರಡು ಎನ್ನುತ್ತದೆ. ಹಾಗೆ ನೆಟ್ಟರೆ ನರ್ಸರಿಯ ಪ್ರದರ್ಶನ ಕಟ್ಟೆಯಾಗುತ್ತದೆ, ತೋಟವಾಗುವುದಿಲ್ಲ. ಇಂಗ್ಲೆಂಡಿನ ಸರ್ರೆಯ ಮನ್‌ಸ್ಟೆಡ್ ವುಡ್‌ನಲ್ಲಿ ತೋಟ ಕಟ್ಟಿದ ತೋಟ ವಿನ್ಯಾಸಕಿ ಗರ್ಟ್ರೂಡ್ ಜೆಕಿಲ್ (1843–1932) ಒಂದೇ ಬಗೆಯ ಗಿಡಗಳನ್ನು ಉದ್ದನೆಯ ಓರೆ ಪಟ್ಟಿಗಳಾಗಿ, ಒಂದರೊಳಗೊಂದು ಜಾರುವಂತೆ ನೆಟ್ಟರು. 15 ಅಡಿಯ ಮಡಿಗೆ ಆರು ಬಗೆ ಸಾಕು, ಪ್ರತಿಯೊಂದರಲ್ಲಿ ಏಳರಿಂದ ಒಂಬತ್ತು ಗಿಡ. ಎತ್ತರದ್ದು ಗೋಡೆಗೆ, ಮೊಣಕಾಲೆತ್ತರದ್ದು ನಡುವೆ, ಅಲಿಸಂ ಅಂಚಿನ ಕಲ್ಲಿನ ಮೇಲೆ ಚೆಲ್ಲುವಂತೆ.

ಗುಲಾಬಿಯನ್ನು ಪೆಟ್ಟಿಗೆಯಲ್ಲಿ ತರಿಸಬೇಡಿ. ನಮ್ಮ ಕಡೆ ಬದುಕುವ ಎಡ್ವರ್ಡ್ ಗುಲಾಬಿಯ ಪರಿಮಳ, ಗೊಂಚಲು, ಹಳೆಯ ಕಾಲದ ಚೆಲುವು ಎಲ್ಲವೂ ಈ ತೋಟಕ್ಕೆ ಹೇಳಿ ಮಾಡಿಸಿದ್ದು. ಬಿಳಿಗೆ ಐಸ್‌ಬರ್ಗ್. ಕಸಿ ಗುಲಾಬಿ ಕೊಂಡರೆ ಕಸಿಯ ಗಂಟು ಮಣ್ಣಿನ ಮೇಲಿರಲಿ. ಗಂಟಿನ ಕೆಳಗಿಂದ ಚಿಗುರಿದ್ದನ್ನು ಕತ್ತರಿಸದೆ ಬುಡಸಮೇತ ಕಿತ್ತುಹಾಕಿ. ಬಿಟ್ಟರೆ ಎರಡು ವರ್ಷದಲ್ಲಿ ಕಾಡುಗಿಡವೇ ಉಳಿಯುತ್ತದೆ.

ಕಮಾನು: ಆನ್‌ಲೈನಿನಲ್ಲಿ ಬಿಡಿಭಾಗವಾಗಿ ಬರುವ ತೆಳು ಕೊಳವೆಯದು ಮಧುಮಾಲತಿಯ ಭಾರಕ್ಕೆ ಎರಡನೇ ಮಳೆಗಾಲದ ಗಾಳಿಯಲ್ಲಿ ವಾಲುತ್ತದೆ. ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶ ಇರುವ ಊರಿನಲ್ಲಿ ಇದನ್ನು ತರಿಸುವುದೇಕೆ? ಒಂದಿಂಚಿನ ಜಿಐ ಪೈಪು, 7 ಅಡಿ ಎತ್ತರ, 4 ಅಡಿ ಅಗಲ, ಕಾಲು ಒಂದೂವರೆ ಅಡಿ ಕಾಂಕ್ರೀಟಿನೊಳಗೆ ಎಂದು ವೆಲ್ಡಿಂಗ್ ಅಂಗಡಿಗೆ ಬರೆದುಕೊಡಿ. ಮರದ ಬಿಳಿ ಬೇಲಿ ಮಳೆಗೆ ಕೊಳೆತು ಗೆದ್ದಲಿಗೆ ಆಹಾರ. ಹುಲ್ಲುಹಾಸು ಮಾವು, ತೆಂಗಿನ ನೆರಳಲ್ಲಿ ಬೋಳಾಗುತ್ತದೆ, ಬೇಸಿಗೆಯಲ್ಲಿ ದಿನವೂ ನೀರು ಕೇಳುತ್ತದೆ. ಆ ಜಾಗಕ್ಕೆ 3 ಅಡಿ ಅಗಲದ ಫರಸಿ ಕಲ್ಲಿನ ದಾರಿ, ಅಡಿಗೆ ಎರಡಂಗುಲ ಮರಳು, ಸಂದಿಯಲ್ಲಿ ಸಿಮೆಂಟಿನ ಬದಲು ಮಣ್ಣು. ದಾರಿ ನೇರವಾಗಿ ಓಡದೆ ತುಳಸಿಕಟ್ಟೆಯನ್ನು ಬಳಸಿ ತಿರುಗಲಿ. ಕೊನೆ ಒಮ್ಮೆಗೇ ಕಾಣದಿದ್ದರೆ ಸಣ್ಣ ಹಿತ್ತಲೂ ದೊಡ್ಡದೆನಿಸುತ್ತದೆ.

ಗುತ್ತಿಗೆಗೆ ಕೊಡುವವರು ಎರಡು ಪ್ರಶ್ನೆ ಕೇಳಬೇಕು: ಎಷ್ಟು ಆಳ ಮಣ್ಣು ಬದಲಿಸುತ್ತೀರಿ, ಮತ್ತು ಹೂಗಿಡ ಯಾವ ತಿಂಗಳು ನೆಡುತ್ತೀರಿ. ‘ಜೂನಿನಲ್ಲಿ, ಮಳೆ ಬಿದ್ದೊಡನೆ’ ಎಂದರೆ ಆ ಗುತ್ತಿಗೆ ಮಲ್ಲಿಗೆ, ಗುಲಾಬಿ, ಕಾಮಿನಿ ಬೇಲಿಗೆ ಸರಿ, ಉಳಿದದ್ದಕ್ಕೆ ಅಲ್ಲ. ಪಾಟಿನಲ್ಲಿ ಹೂಬಿಟ್ಟ ಪೆಟೂನಿಯಾ ತಂದು ಜೋಡಿಸಿ ಬಿಲ್ಲು ಮಾಡುವ ಪದ್ಧತಿಯೂ ಇದೆ. ಫೋಟೋ ಚೆನ್ನಾಗಿ ಬರುತ್ತದೆ, ಬೇರಿಗೆ ಕೆಳಗೆ ಹೋಗಲು ಮಣ್ಣಿರುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಏನು ಎಂಬುದೂ ಬರಹದಲ್ಲಿರಲಿ: ಡೇರೆ (ಡಾಲಿಯಾ), ಕರ್ಣಕುಂಡಲ (ಬಾಲ್ಸಂ), ಝಿನ್ನಿಯಾ, ದಸರೆಯ ಹೊತ್ತಿಗೆ ಆಸ್ಟರ್. ಡೇರೆ ಇಂಗ್ಲೆಂಡಿನ ಕಾಟೇಜ್ ತೋಟದ್ದೂ ಹೌದು. ಗೆಡ್ಡೆಯ ಸುತ್ತ ನೀರು ನಿಲ್ಲಬಾರದು ಅಷ್ಟೆ.

ವಿಜಯಪುರ, ಬಾಗಲಕೋಟೆಯವರು ಇದೇ ಕಿಟ್ ಕೊಂಡರೆ ಹೂವಿನ ಕಾಲ ಇನ್ನೂ ಚಿಕ್ಕದು. ಫೆಬ್ರವರಿ ಕೊನೆಗೆ ಮುಗಿಯಿತೆಂದು ತಿಳಿಯಿರಿ. ಬಿತ್ತನೆ ಅಕ್ಟೋಬರ್ ಮಧ್ಯಕ್ಕೆ ಇರಲಿ, ಹಿಂಗಾರಿನ ಮಳೆ ಸಸಿಯ ಬುಡ ಕೊಳೆಸದಂತೆ ಟ್ರೇ ಸೂರಿನಡಿ ಇಡಿ. ಅಲ್ಲಿನ ಎರೆಭೂಮಿಯ ಸುಣ್ಣದಂಶಕ್ಕೆ ಬೋರಿನ ಗಡಸು ನೀರು ಸೇರಿದರೆ ಪೆಟೂನಿಯಾ, ಗುಲಾಬಿಯ ಎಳೆ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತದೆ. ಇದು ಕಬ್ಬಿಣದ ಕೊರತೆ. ಯೂರಿಯಾ ಹಾಕಿದರೆ ಹೋಗದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನಕ್ಕೆ ಮತ್ತೊಮ್ಮೆ. ದ್ರಾವಣ ಅಂದೇ ಬಳಸಬೇಕು, ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ. ಮಡಿಯ ಮೇಲೆ ಎರಡಂಗುಲ ಕಬ್ಬಿನ ರವದಿ (ಒಣ ಎಲೆ) ಹೊದಿಸಿದರೆ ನೀರನ್ನು ದಿನ ಬಿಟ್ಟು ದಿನ ಕೊಡಬಹುದು.

ಕಿಟ್ಟನ್ನು ಎರಡನೇ ವರ್ಷ ಮತ್ತೆ ಕೊಳ್ಳಬೇಕಿಲ್ಲ. ಮಾರ್ಚ್‌ನಲ್ಲಿ ಹಾಲಿಹಾಕ್‌ನ ಚಕ್ರದಂತಹ ಕಾಯಿ, ಲಾರ್ಕ್‌ಸ್ಪರ್‌ನ ಕೊಳವೆಕಾಯಿ ಕಂದು ಬಣ್ಣಕ್ಕೆ ತಿರುಗಿ ಬಿರಿಯುವ ಮುನ್ನ ಕೊಯ್ದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು, ತಿಂಗಳು ಬರೆದಿಡಿ. ನೆಲದಲ್ಲೇ ಬಿಟ್ಟ ಬೀಜ ಇಂಗ್ಲೆಂಡಿನಲ್ಲಿ ತಾನೇ ಮೊಳೆಯುತ್ತದೆ. ಇಲ್ಲಿ ಜೂನ್–ಜುಲೈ ಮಳೆಯಲ್ಲಿ ಬಹುಪಾಲು ಕೊಳೆಯುತ್ತದೆ. ಪೊಟ್ಟಣದ ಮೇಲೆ ‘ಎಫ್1’ (ಮೊದಲ ತಲೆಮಾರಿನ ಮಿಶ್ರತಳಿ) ಎಂದಿದ್ದ ಪೆಟೂನಿಯಾದ ಬೀಜ ಮಾತ್ರ ಎತ್ತಿಡಬೇಡಿ, ಮರುವರ್ಷ ಅದೇ ಬಣ್ಣ, ಅದೇ ಗಾತ್ರ ಬರುವುದಿಲ್ಲ.