ಬೋಟಿನ ಎಸಿಗೆ ‘ಗ್ಯಾಸ್ ತುಂಬಿಸಿದ್ರೆ ಸಾಕು’ ಅನ್ನುವವರಿದ್ದಾರೆ, ಜಾಗ್ರತೆ

ಮಲ್ಪೆ, ಹಂಗಾರಕಟ್ಟೆ, ಕೋಡಿಬೆಂಗ್ರೆ ಕಡೆ ಎಸಿ ಕ್ಯಾಬಿನ್ ಇರುವ ಬೋಟು ಇಟ್ಟುಕೊಂಡವರು ದಯವಿಟ್ಟು ಓದಿ. ನಮ್ಮದು ಸ್ವರ್ಣಾ ನದಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟು. ಮನೆಗೆ ಹಾಕುವಂಥದ್ದೇ ಸ್ಪ್ಲಿಟ್ ಎಸಿ, ಆರ್-32 ಗ್ಯಾಸಿನದು, ಜನರೇಟರಿನಲ್ಲಿ ಓಡುತ್ತದೆ. ಸೀಸನ್ ಮಧ್ಯೆ ಕೂಲಿಂಗ್ ಹೋಯಿತು. ಒಬ್ಬ ಮೆಕ್ಯಾನಿಕ್ ಬಂದರು, ಗೇಜ್ ಹಾಕಿ ನೋಡಿದರು. “ಉಪ್ಪುಗಾಳಿಗೆ ಗ್ಯಾಸ್ ಹೋಗ್ತಾ ಇರ್ತದೆ ಮಾರಾಯ್ರೆ, ಬೋಟಲ್ಲಿ ಇದೆಲ್ಲ ಮಾಮೂಲು” ಅಂದರು. ತುಂಬಿಸಿದರು, ದುಡ್ಡು ತೆಗೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ, ಮತ್ತೆ ಅವರೇ, ಮತ್ತೆ ಗ್ಯಾಸ್.

ಮಾಮೂಲು ಎಂಥದ್ದೂ ಇಲ್ಲ. ಎಸಿ ಗ್ಯಾಸ್ ಡೀಸೆಲ್ ತರ ಓಡಿದಷ್ಟು ಖರ್ಚಾಗುವುದಿಲ್ಲ, ಪೈಪಿನೊಳಗೇ ಸುತ್ತುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ. ಉಪ್ಪು ಗ್ಯಾಸನ್ನು ತಿನ್ನುವುದಿಲ್ಲ, ಕಾಯಿಲನ್ನು ತಿನ್ನುತ್ತದೆ, ಇಂಜಿನ್ ಅದುರಿ ಅದುರಿ ಪೈಪು ಜೋಡಿಸುವ ಫ್ಲೇರ್ ನಟ್ ಸಡಿಲವಾಗುತ್ತದೆ. ಅದನ್ನು ಹುಡುಕುವುದೇ ನಿಜವಾದ ಕೆಲಸ, ಅವರು ಮಾಡದೆ ಬಿಟ್ಟದ್ದೂ ಅದನ್ನೇ.

ಕೊನೆಗೊಮ್ಮೆ ಲೀಕ್ ಹುಡುಕಿ ಅಂತ ಗಟ್ಟಿಯಾಗಿ ಹೇಳಿದಾಗ ಪಕ್ಕದ ವೆಲ್ಡಿಂಗ್‌ನವರ ಆಕ್ಸಿಜನ್ ಸಿಲಿಂಡರ್ ತಂದು ಲೈನಿಗೆ ಪ್ರೆಷರ್ ಕೊಡಲು ಹೊರಟರು! ನಮ್ಮ ಡ್ರೈವರ್ ಕೂಗಿ ನಿಲ್ಲಿಸಿದ್ದಕ್ಕೆ ಬಚಾವ್. ಕಂಪ್ರೆಸರ್ ಆಯಿಲಿಗೆ ಪ್ರೆಷರಿನಲ್ಲಿ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ. ಈ ಕೆಲಸಕ್ಕೆ ಒಣ ನೈಟ್ರೋಜನ್ ಮಾತ್ರ, ಅದೂ ರೆಗ್ಯುಲೇಟರ್ ಹಾಕಿ. ಅದು ಬಿಟ್ಟು ಲೀಕ್ ಮುಚ್ಚುವ ಕೆಮಿಕಲ್ ಒಂದನ್ನು ಲೈನಿಗೆ ಹಾಕಿ ಹೋದರು. ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ತಂದೇ ಇರಲಿಲ್ಲ. ಒಳಗೆ ಉಳಿದ ಗಾಳಿ, ತೇವಕ್ಕೆ ಆ ಕೆಮಿಕಲ್ ಗಟ್ಟಿಯಾಗಿ ಕ್ಯಾಪಿಲರಿ ಎಂಬ ಸಪೂರ ಪೈಪು ಕಟ್ಟಿಕೊಂಡಿತು, ಹಿಂದೆಯೇ ಕಂಪ್ರೆಸರೂ ಹೋಯಿತು.

ಆಮೇಲೆ ಮಂಗಳೂರಿನಿಂದ ಬಂದವರು ನೋಡಿದ ರೀತಿಯೇ ಬೇರೆ. ಮೊದಲು ಟಾರ್ಚ್ ಹಿಡಿದು ಪೈಪಿನುದ್ದಕ್ಕೂ ಎಣ್ಣೆ ಜಿಡ್ಡು ಹುಡುಕಿದರು, ಯಾಕೆಂದರೆ ಗ್ಯಾಸ್ ಹೊರಬರುವಲ್ಲಿ ಆಯಿಲೂ ಒಸರುತ್ತದೆ. ಇಂಜಿನ್ ರೂಮಿನ ಪಕ್ಕ ಒಂದು ಜಾಯಿಂಟ್ ಜಿಡ್ಡಾಗಿತ್ತು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದಿತು, ಅಷ್ಟೇ! ಪೈಪಿನ ಅಗಲಿಸಿದ ತುದಿ, ಅಂದರೆ ಫ್ಲೇರ್, ಕತ್ತರಿಸಿ ಹೊಸದು ಮಾಡಿದರು, ಲೈನ್ ತೊಳೆದು ಕ್ಯಾಪಿಲರಿ, ತೇವ ಹೀರುವ ಡ್ರೈಯರ್, ಕಂಪ್ರೆಸರ್ ಬದಲಾಯಿಸಿದರು. ನೈಟ್ರೋಜನ್ ಪ್ರೆಷರಿನಲ್ಲಿ ಬಿಟ್ಟು ಮುಳ್ಳು ಇಳಿಯಲಿಲ್ಲ ಅಂತ ನೋಡಿಕೊಂಡರು, ಒಳಗಿನ ಒತ್ತಡ 500 ಮೈಕ್ರಾನಿಗಿಂತ ಕೆಳಗೆ ಬರುವಷ್ಟು ವ್ಯಾಕ್ಯೂಮ್ ಎಳೆದರು, ಕೊನೆಗೆ ತಕ್ಕಡಿಯಲ್ಲಿ ತೂಗಿ ಗ್ಯಾಸ್ ಹಾಕಿದರು.

ನನಗೆ ಈಗಲೂ ಸಿಟ್ಟು ಬರುವುದು ದುಡ್ಡಿಗಲ್ಲ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್, ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಗೆ ಹೋದೀತು. ಬೋಟಿನಲ್ಲಿ ಅದು ತಳದ ಬಿಲ್ಜ್‌ಗೆ ಇಳಿದು ಕೂರುತ್ತದೆ, ಅಲ್ಲೇ ಬ್ಯಾಟರಿ, ಅಲ್ಲೇ ಪಂಪಿನ ಸ್ವಿಚ್. ಜಾಸ್ತಿ ಸೇರಿದರೆ ಉಸಿರಾಡುವ ಗಾಳಿಯೇ ಇರುವುದಿಲ್ಲ, ನಮ್ಮ ಹುಡುಗರು ಮಲಗುತ್ತಿದ್ದದ್ದೂ ಕೆಳಗೇ. ಲೀಕ್ ಅಂತ ಅನುಮಾನ ಬಂದರೆ ಮೊದಲು ಹ್ಯಾಚ್ ತೆರೆದು ಗಾಳಿ ಆಡಿಸಿ, ಆಮೇಲೆ ಮಾತು.

ಹಾಗಂತ ಕೂಲಿಂಗ್ ಕಮ್ಮಿಯಾದ ಕೂಡಲೇ ಲೀಕ್ ಅಂತಲೂ ಅಲ್ಲ. ಫಿಲ್ಟರ್ ತೊಳೆದು ನೋಡಿ. ಸಮುದ್ರದ ನೀರಿನಿಂದ ತಂಪಾಗುವ ಯೂನಿಟ್ ಆದರೆ ನೀರು ಸೋಸುವ ಸ್ಟ್ರೈನರ್ ಬಿಚ್ಚಿ ನೋಡಿ, ಕಸ, ಚಿಪ್ಪು ಸಿಕ್ಕಿರುತ್ತದೆ. ಮಳೆಗಾಲದಲ್ಲಿ ಬೋಟು ದಡದಲ್ಲಿರುವಾಗಲೇ ಪೈಪು, ಕಾಯಿಲ್ ನೋಡಿಸಿಬಿಡಿ, ಸೀಸನ್ ಶುರುವಾದ ಮೇಲೆ ನಿಧಾನವಾಗಿ ಹುಡುಕಲು ಯಾರಿಗೂ ಪುರುಸೊತ್ತಿಲ್ಲ.

ಮೆಕ್ಯಾನಿಕ್ ಕರೆಯುವ ಮೊದಲು ಫೋನಿನಲ್ಲೇ ಕೇಳಿ, ನೈಟ್ರೋಜನ್ ಮತ್ತು ವ್ಯಾಕ್ಯೂಮ್ ಪಂಪ್ ತರ್ತೀರಾ ಅಂತ. ತಡವರಿಸಿದರೆ ಬೇರೆಯವರನ್ನು ನೋಡಿ. ಬಿಲ್ಲಿನಲ್ಲಿ ಲೀಕ್ ಎಲ್ಲಿತ್ತು, ಎಷ್ಟು ಗ್ರಾಂ ಗ್ಯಾಸ್ ಹಾಕಿದರು ಅಂತ ಬರೆಸಿಕೊಳ್ಳಿ. ನಮ್ಮ ಹಳೆಯ ಬಿಲ್ಲುಗಳಲ್ಲಿ ‘ಗ್ಯಾಸ್ ಚಾರ್ಜಿಂಗ್’ ಅಂತ ಮಾತ್ರ ಇತ್ತು. ಕಂಪ್ರೆಸರಿನ ಹಣ ಕೇಳಲು ಹೋದರೆ “ನಾವು ಗ್ಯಾಸ್ ತುಂಬಿದ್ದಷ್ಟೇ” ಅಂತ ಆ ಬಿಲ್ಲನ್ನೇ ನಮಗೆ ತೋರಿಸಿದರು.