ಆಶ್ರಯದಿಂದ ಬಂದ ನಾಯಿಗೆ ನಟನೆ ಕಲಿಸಲು ಕ್ಲಿಕ್ಕರ್ ಕಿಟ್: ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಇಲ್ಲ

ಕ್ಯಾಮೆರಾ ಮುಂದೆ ನಿಲ್ಲುವ ನಾಯಿಗೆ ತಳಿ ಮುಖ್ಯವಲ್ಲ. 1974ರ 'ಬೆಂಜಿ' ಚಿತ್ರದಲ್ಲಿ ನಟಿಸಿದ ಹಿಗ್ಗಿನ್ಸ್ ಎಂಬ ನಾಯಿ, ತರಬೇತುದಾರ ಫ್ರಾಂಕ್ ಇನ್ ಅವರಿಗೆ ಸಿಕ್ಕಿದ್ದು ಅಮೆರಿಕದ ಬರ್ಬ್ಯಾಂಕ್ ನಗರದ ಪ್ರಾಣಿ ಆಶ್ರಯದಲ್ಲಿ. ಎಲ್ಲರೂ ಮುದ್ದಿಸುವ, ಹೊಸಬರ ಹತ್ತಿರವೂ ಬಾಲ ಆಡಿಸುತ್ತಾ ಹೋಗುವ ನಾಯಿ ಮನೆಯಲ್ಲಿದ್ದರೆ ಈ ಕಿಟ್ ಕೊಳ್ಳಬಹುದು. ಆದರೆ ಇದರಲ್ಲಿರುವ ಐದು ವಸ್ತುಗಳಲ್ಲಿ ಹಾಸು, ಹಗ್ಗ ಎರಡೇ ಚೆನ್ನಾಗಿರುವಂಥವು. ಉಳಿದ ಮೂರನ್ನು ತಿದ್ದಿಕೊಳ್ಳಬೇಕು, ಅದರಲ್ಲೂ ಹಿಂದೆ ಏಟು ತಿಂದ ನಾಯಿಯಾದರೆ.

ಒತ್ತಿದರೆ ಟಿಕ್ ಎನ್ನುವ ಪುಟ್ಟ ಸಾಧನ ಕ್ಲಿಕ್ಕರ್, ನಾಯಿ ಮೂಗು ತಾಗಿಸಲೆಂದು ತುದಿಯಲ್ಲಿ ಉಂಡೆ ಇರುವ, ಉದ್ದ ಮಾಡಬಹುದಾದ ಟಾರ್ಗೆಟ್ ಕೋಲು, ಸೊಂಟಕ್ಕೆ ಕಟ್ಟುವ ತಿನಿಸಿನ ಚೀಲ, ಒಂದು ಚಿಕ್ಕ ಹಾಸು, ಐದು ಮೀಟರ್ ಉದ್ದದ ಹಗ್ಗ: ಸಾಮಾನ್ಯವಾಗಿ ಸಿಗುವ ಕಿಟ್ ಇಷ್ಟು.

ಮೊದಲು ಕ್ಲಿಕ್ಕರ್. ನಾಯಿ ಸರಿಯಾಗಿ ಮಾಡಿದ ಕ್ಷಣವನ್ನು ಅದರ ಸದ್ದು ಗುರುತಿಸುತ್ತದೆ, ಹಿಂದೆಯೇ ತಿನಿಸು ಬರುತ್ತದೆ. ಡಬ್ಬಿಯಂತಿದ್ದು ಒಳಗೆ ಲೋಹದ ಪಟ್ಟಿ ಇರುವ ಬಗೆ ಬೇಡ, ಗುಂಡಿ ಒತ್ತುವ ಬಗೆ ತೆಗೆದುಕೊಳ್ಳಿ. ಡಬ್ಬಿಯ ಸದ್ದು ಚುರುಕು, ಹೆಚ್ಚು ಜೋರು. ಸದ್ದಿಗೆ ಬೆಚ್ಚುವ ನಾಯಿ ಮೊದಲ ಕ್ಲಿಕ್ಕಿಗೇ ಹೆದರಿ ಓಡಿದರೆ, ಆಮೇಲೆ ಆ ಸದ್ದನ್ನು ತಿನಿಸಿನ ಜೊತೆ ಬೆಸೆಯುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಗುಂಡಿಯದ್ದೂ ಜೋರೆನಿಸಿದರೆ ಕಾಲುಚೀಲದೊಳಗೆ ಹಾಕಿ ಒತ್ತಿ. ಮೊದಲ ದಿನ ಬೇರೇನೂ ಕಲಿಸಬೇಡಿ: ಒತ್ತಿ, ಕೂಡಲೇ ಕಿರುಬೆರಳ ಉಗುರಿನಷ್ಟು ತಿನಿಸು ಕೊಡಿ, ಹತ್ತು ಹದಿನೈದು ಸಲ. ಸದ್ದು ಕೇಳಿದೊಡನೆ ನಾಯಿಯ ತಲೆ ನಿಮ್ಮ ಕೈಯತ್ತ ತಿರುಗಿದರೆ ಅದಕ್ಕೆ ಅರ್ಥವಾಯಿತು ಎಂದು ತಿಳಿಯಿರಿ. ಎಲ್ಲರೂ ಮಾಡುವ ತಪ್ಪು ಕ್ಲಿಕ್ಕನ್ನು ತಡಮಾಡುವುದು. ಕೂತ ಮೇಲೆ, ಏಳುವ ಹೊತ್ತಿಗೆ ಒತ್ತಿದರೆ ನಾಯಿ ಏಳುವುದನ್ನೇ ಕಲಿಯುತ್ತದೆ. ಒಂದು ಪಾಠ ಮೂರರಿಂದ ಐದು ನಿಮಿಷ ಸಾಕು. ಅಲ್ಲಿ ಕೊಟ್ಟ ತಿನಿಸನ್ನು ದಿನದ ಊಟದಲ್ಲಿ ಕಡಿಮೆ ಮಾಡಲೇಬೇಕು, ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿದ ನಾಯಿಗೆ ಕೆಲಸದಲ್ಲಿ ಆಸಕ್ತಿ ಉಳಿಯುವುದಿಲ್ಲ.

ಚಿತ್ರೀಕರಣದಲ್ಲಿ ಕ್ಲಿಕ್ಕರ್‌ಗೆ ಒಂದು ದೊಡ್ಡ ಮಿತಿ ಇದೆ. ಸ್ಥಳದಲ್ಲೇ ಧ್ವನಿ ಹಿಡಿಯುವಾಗ ಆ ಸದ್ದೂ ದಾಖಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಾಯಿಗೆ ಕ್ಲಿಕ್ ಎಂದರೆ ಕೆಲಸ ಮುಗಿದ ಹಾಗೆ. ಒತ್ತಿದ ಕ್ಷಣ ಅದು ಭಂಗಿ ಬಿಟ್ಟು ನಿಮ್ಮ ಹತ್ತಿರ ಬರುತ್ತದೆ. ಹಾಗಾಗಿ ಹೊಸದನ್ನು ಕಲಿಸುವಾಗ ಮಾತ್ರ ಕ್ಲಿಕ್ಕರ್, ಟೇಕ್ ನಡೆಯುವಾಗ ಕೈಸನ್ನೆ. ಭಂಗಿ ಬಿಡಬಹುದೆಂದು ನಾಯಿಗೆ ಹೇಳುವ ಬಿಡುಗಡೆಯ ಮಾತು 'ಕಟ್' ಆಗದಿರಲಿ, ಬೇರೊಂದು ಶಬ್ದ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪಕ್ಕದಲ್ಲಿ ಯಾರು ಕೂಗಿದರೂ ನಾಯಿ ಎದ್ದು ಬರುತ್ತದೆ.

ಟಾರ್ಗೆಟ್ ಕೋಲಿನ ಬಗ್ಗೆ ನಮಗೆ ಸಮಾಧಾನವಿಲ್ಲ. ಕೊಳವೆಗಳ ಕೀಲು ಬೇಗ ಸಡಿಲವಾಗಿ, ನಾಯಿ ಮೂಗು ತಾಗಿಸಿದೊಡನೆ ಒಳಸರಿಯುತ್ತದೆ. ಇದು ಸಣ್ಣ ದೋಷ. ಏಟು ತಿಂದ ನಾಯಿಗೆ ಕೋಲು ಎಂದರೆ ಕೋಲೇ, ಅದು ದೊಡ್ಡ ತೊಂದರೆ. ಕೋಲನ್ನು ಸರ್ರನೆ ಎಳೆದು ಉದ್ದ ಮಾಡಿದಾಗ ಕಿವಿಗಳು ತಲೆಗೆ ಅಂಟಿಕೊಂಡು, ಭಾರವೆಲ್ಲ ಹಿಂಗಾಲಿಗೆ ಸರಿದು, ಮೂಗಿನ ತುದಿಯನ್ನು ನಾಲಿಗೆ ಒಮ್ಮೆ ನೆಕ್ಕಿದರೆ ಪಾಠ ಅಲ್ಲಿಗೇ ನಿಲ್ಲಿಸಿ. ಮಾರನೇ ದಿನ ಕೋಲನ್ನು ಪೂರ್ತಿ ಮಡಚಿ, ತುದಿಯ ಉಂಡೆಯೊಂದೇ ಕಾಣುವಂತೆ ಮುಷ್ಟಿಯಲ್ಲಿ ಹಿಡಿಯಿರಿ. ನಾಯಿ ತಾನಾಗಿ ಬಂದು ಮೂಗು ತಾಗಿಸಿದರೆ ಕ್ಲಿಕ್. ದಿನಕ್ಕೆ ಎರಡು ಬೆರಳಷ್ಟು ಉದ್ದ ಹೆಚ್ಚಿಸಿದರೆ ಸಾಕು. ಹಲವು ಕೋಲುಗಳ ಉಂಡೆ ಕೆಂಪು ಬಣ್ಣದ್ದು. ನಾಯಿಯ ಕಣ್ಣಿಗೆ ಕೆಂಪು ಹಸಿರುಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ, ಹುಲ್ಲಿನ ಮೇಲೆ ಅದು ಎದ್ದು ಕಾಣುವುದಿಲ್ಲ. ಅದಕ್ಕೆ ನೀಲಿ ಟೇಪು ಸುತ್ತಿ.

ಇಷ್ಟು ಕೊರತೆ ಇದ್ದರೂ ನೋಟ ಕಲಿಸಲು ಕೋಲು ಬೇಕೇ ಬೇಕು. ನಾಯಿ ನಟನ ಮುಖ ನೋಡುವ ಬದಲು ತರಬೇತುದಾರನ ಸೊಂಟದ ಚೀಲ ನೋಡುತ್ತಿದ್ದರೆ ಪ್ರೇಕ್ಷಕರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಉಂಡೆಯನ್ನು ನಟನ ಭುಜದ ಹಿಂದೆ ಹಿಡಿದು, ಅತ್ತ ನೋಡಿದ್ದಕ್ಕೆಲ್ಲ ಕ್ಲಿಕ್ ಮಾಡಿ. ನೋಟ ಎರಡು ಸೆಕೆಂಡ್ ನಿಂತ ಮೇಲೆ ಕೋಲು ಮರೆಮಾಡಿ, ತಿನಿಸನ್ನು ನಟನ ಕೈಯಿಂದಲೇ ಕೊಡಿಸಿ.

ತಿನಿಸಿನ ಚೀಲ ಕೊಳ್ಳುವಾಗ ಬಾಯಿ ಮುಚ್ಚುವ ಬಗೆ ನೋಡಿ. ವೆಲ್ಕ್ರೋದ ಚರ್ರ್ ಸದ್ದೂ ಅಯಸ್ಕಾಂತದ ಟಪ್ ಸದ್ದೂ ನಾಯಿಗೆ ಎರಡನೇ ಕ್ಲಿಕ್ಕರ್ ಆಗಿಬಿಡುತ್ತವೆ, ಅದನ್ನು ಕೇಳಿದರೇ ಭಂಗಿ ಮುರಿಯುತ್ತದೆ. ದಾರ ಎಳೆದು ಮುಚ್ಚುವ ಚೀಲ ಒಳ್ಳೆಯದು. ಅದನ್ನು ಬೆನ್ನ ಕಡೆ ಕಟ್ಟಿಕೊಳ್ಳಿ.

ಇಡೀ ಕಿಟ್‌ನಲ್ಲಿ ಹಣಕ್ಕೆ ತಕ್ಕ ವಸ್ತು ಹಾಸು. ಸುಮ್ಮನೆ ಮಲಗಿಸಲಿಕ್ಕೆಂದು ಕೊಟ್ಟಿದ್ದರೂ ಮಾರ್ಕ್ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಟನಾದವನು ಹೇಳಿದ ಜಾಗದಲ್ಲೇ ನಿಲ್ಲಬೇಕು, ಒಂದು ಗೇಣು ಆಚೀಚೆಯಾದರೂ ಫೋಕಸ್ ಹೋಗುತ್ತದೆ. ನಾಯಿಗೂ ಅದೇ ನಿಯಮ. ಒಂದು ಪಂಜ ಹಾಸನ್ನು ಮುಟ್ಟಿದರೆ ಕ್ಲಿಕ್, ಆಮೇಲೆ ಎರಡು, ಆಮೇಲೆ ನಾಲ್ಕೂ. ನಂತರ ಕಾಯುವುದು: ಒಂದು ಸೆಕೆಂಡ್, ಮೂರು, ಐದು, ಹತ್ತು. ಕಣ್ಣು ಮುಚ್ಚಿದರೂ ಹೋಗಿ ನಿಲ್ಲುತ್ತದೆ ಅನ್ನಿಸಿದಾಗ ಕತ್ತರಿ ತೆಗೆದುಕೊಳ್ಳಿ. ಹಾಸನ್ನು ಅರ್ಧ ಮಾಡಿ, ಎರಡು ದಿನ ಬಿಟ್ಟು ಅದರಲ್ಲೂ ಅರ್ಧ, ಕೊನೆಗೆ ಅಂಗೈಯಗಲದ ತುಂಡು. ಮಧ್ಯೆ ತಪ್ಪಿದರೆ ಹಿಂದಿನ ಅಳತೆಗೆ ಮರಳಿ. ಆ ತುಂಡನ್ನು ಮಣ್ಣಲ್ಲಿ, ಒಣಗಿದ ಎಲೆಗಳ ನಡುವೆ ಇಟ್ಟರೆ ಚೌಕಟ್ಟಿನೊಳಗೆ ಯಾರಿಗೂ ಕಾಣುವುದಿಲ್ಲ, ನಾಯಿಗೆ ಮಾತ್ರ ಕಾಣುತ್ತದೆ. ಕೊಳ್ಳುವಾಗ ಅಡಿಯಲ್ಲಿ ರಬ್ಬರ್ ಇದೆಯೇ ನೋಡಿ. ನುಣುಪು ನೆಲದಲ್ಲಿ ಒಮ್ಮೆ ಹಾಸು ಜಾರಿದರೆ ಅಂಜುಬುರುಕ ನಾಯಿ ಮತ್ತೆ ಅದರ ಮೇಲೆ ಕಾಲಿಡಲು ಒಪ್ಪುವುದು ಕಷ್ಟ. ಚಿತ್ರವಿಲ್ಲದ ಬೂದು ಬಣ್ಣದ್ದಿರಲಿ, ಮೂಳೆ ಪಂಜದ ಚಿತ್ರಗಳು ಕ್ಯಾಮೆರಾದಲ್ಲಿ ಎದ್ದು ಕಾಣುತ್ತವೆ.

ಹಾಸಿನಲ್ಲಿ ಇನ್ನೊಂದು ಗುಣವಿದೆ. ಜನ, ದೀಪ, ತಂತಿಗಳ ಗದ್ದಲದ ಜಾಗದಲ್ಲಿ ಅದೇ ಹಾಸು ಹಾಸಿದರೆ ನಾಯಿಗೆ ತನ್ನದೆಂಬ ನೆಲ ಸಿಗುತ್ತದೆ. ಕತ್ತರಿಸದ ಇನ್ನೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಬೇಕು.

ಹಗ್ಗ ಚೆನ್ನಾಗಿದೆ. ಬೆನ್ನಿನ ಮೇಲೆ ಕೊಂಡಿ ಇರುವ ಎದೆಪಟ್ಟಿಗೆ ಸಿಕ್ಕಿಸಿ, ಕುತ್ತಿಗೆ ಪಟ್ಟಿಗೆ ಬೇಡ. ಎದೆಪಟ್ಟಿಯನ್ನು ಬೇರೆ ಕೊಳ್ಳಬೇಕಾಗುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು.

ಕಿಟ್ ಜೊತೆಗಿನ ಕಿರುಹೊತ್ತಿಗೆಗಳು ಸಾಮಾನ್ಯವಾಗಿ ಕೂರು, ಮಲಗು, ಕೈ ಕೊಡು ಎಂಬಲ್ಲಿಗೆ ನಿಲ್ಲುತ್ತವೆ. ಚಿತ್ರೀಕರಣಕ್ಕೆ ಬೇಕಾದದ್ದು ದೂರ. ಒಂದು ಮೀಟರ್‌ನಲ್ಲಿ ಸನ್ನೆ ಪಾಲಿಸುವ ನಾಯಿ ಆರು ಮೀಟರ್‌ನಲ್ಲಿ ನಿಮ್ಮ ಬಳಿಗೇ ನಡೆದು ಬಂದುಬಿಡುತ್ತದೆ, ಏಕೆಂದರೆ ತಿನಿಸು ಸಿಕ್ಕಿದ್ದು ಯಾವಾಗಲೂ ನಿಮ್ಮ ಕಾಲಬುಡದಲ್ಲಿ. ಅರ್ಧರ್ಧ ಹೆಜ್ಜೆ ಹಿಂದೆ ಸರಿಯಿರಿ, ಪ್ರತಿ ಸಲ ಹೋಗಿ ಅದು ನಿಂತಲ್ಲೇ ತಿನಿಸು ಕೊಡಿ. ಪುನಃ ಪುನಃ ಟೇಕ್ ಆಗುವಾಗಲೂ ಪ್ರತಿ ಟೇಕ್‌ಗೂ ತಿನಿಸು ಸಲ್ಲಬೇಕು. ನಟನ ಮಾತು ತಪ್ಪಿದ್ದು ನಾಯಿಗೆ ಗೊತ್ತಿಲ್ಲ. ತಿನಿಸಿಲ್ಲದೆ ಅದೇ ಸನ್ನೆ ಮತ್ತೆ ಬಂದರೆ ತನ್ನದೇ ತಪ್ಪೆಂದುಕೊಂಡು ಬೇರೆ ಏನೋ ಮಾಡಿ ತೋರಿಸುತ್ತದೆ. ನಿದ್ದೆ ಬರದ ಹೊತ್ತಲ್ಲೂ ನಾಯಿಗೆ ಆಕಳಿಕೆ ಎರಡು ಮೂರು ಬಾರಿ ಬಂದರೆ ಅದು ಒತ್ತಡದ ಸೂಚನೆ, ವಿರಾಮ ಕೇಳಿ. ಕ್ಲಾಪ್ ಹಲಗೆಯನ್ನು ನಾಯಿಯಿಂದ ದೂರದಲ್ಲಿ ಮೆಲ್ಲಗೆ ತಟ್ಟಲು, ಇಲ್ಲವೇ ಟೇಕ್‌ನ ಕೊನೆಯಲ್ಲಿ ತಟ್ಟಲು ಮೊದಲೇ ಹೇಳಿಡಿ.