ಸಣ್ಣ ಕೈಗೆ ರೇಜರ್ ವೈಪರ್ ಮಿನಿ: ತೂಕಕ್ಕಿಂತ ಮೊದಲು ಅಗಲ ನೋಡಿ

ಗೇಮಿಂಗ್ ಮೌಸ್ ಹುಡುಕುವವರಿಗೆ ಈಗ ಎಲ್ಲರೂ ಹೇಳುವುದು ಒಂದೇ, ತೂಕ ನೋಡಿ ಅಂತ. ನಿಮ್ಮ ಕೈ ಸಣ್ಣದಾಗಿದ್ದರೆ ಮೊದಲು ಅಗಲ ನೋಡಿ ಅಂತೀನಿ ನಾನು. ರೇಜರ್ ವೈಪರ್ ಮಿನಿಯನ್ನು ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಹಗಲಿಡೀ ಎಕ್ಸೆಲ್, ರಾತ್ರಿ ವ್ಯಾಲರಂಟ್ ಅನ್ನೋ ಶೂಟಿಂಗ್ ಆಟ. ಅದರ ತೂಕ ವೈರ್ ಬಿಟ್ಟು 61 ಗ್ರಾಂ, ಅದೂ ಖುಷಿಯ ವಿಷಯವೇ. ಆದರೆ ನಾನು ಇದನ್ನು ಬಿಡದೆ ಇಟ್ಟುಕೊಂಡಿರುವುದು ಅದರ ಸಪೂರ ಸೊಂಟಕ್ಕೆ.

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೆದರೆ ನನ್ನ ಕೈ 16.5 ಸೆಂಟಿಮೀಟರ್. ವೈಪರ್ ಮಿನಿಯ ಉದ್ದ 118.3 ಮಿಲಿಮೀಟರ್, ಎತ್ತರ 38.3. ಬೆರಳು ಹಿಡಿಯುವ ಜಾಗದಲ್ಲಿ ಅಗಲ 53.5 ಮಾತ್ರ. ಈ ಕೊನೆಯ ಅಂಕಿ ಯಾಕೆ ಮುಖ್ಯ ಅಂದರೆ, ವ್ಯಾಲರಂಟ್‌ನಂಥ ಆಟದಲ್ಲಿ ಮೌಸ್ ಬರೀ ಜಾರಿಸಿದರೆ ಸಾಲದು, ಎತ್ತಬೇಕು. ನಾನು 800 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಕಂಪ್ಯೂಟರ್‌ಗೆ ಹೋಗುವ ಎಣಿಕೆ), 0.4 ಸೆನ್ಸಿಟಿವಿಟಿಯಲ್ಲಿ (ಆಟದೊಳಗೆ ತಿರುಗುವ ವೇಗದ ಸೆಟ್ಟಿಂಗ್) ಆಡುತ್ತೇನೆ. ಆ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಸುಮಾರು 41 ಸೆಂಟಿಮೀಟರ್ ಓಡಬೇಕು. ಹಿಂದೆ ತಿರುಗಿ ನೋಡಲೂ ಅದರ ಅರ್ಧ ಬೇಕು. ಅಷ್ಟರಲ್ಲಿ ಪ್ಯಾಡ್‌ನ ಅಂಚು ಬಂದಿರುತ್ತದೆ. ಮೌಸ್ ಎತ್ತಿ ನಡುವೆ ಇಡಬೇಕು, ಮತ್ತೆ ಎಳೆಯಬೇಕು.

ಎತ್ತುವುದು ಹೆಬ್ಬೆರಳು ಒಂದು ಕಡೆ, ಉಂಗುರ ಬೆರಳು ಕಿರುಬೆರಳು ಇನ್ನೊಂದು ಕಡೆ ಒತ್ತಿ ಹಿಡಿದು. ಮೌಸ್ ದಪ್ಪ ಇದ್ದರೆ ಸಣ್ಣ ಕೈಯಲ್ಲಿ ಆ ಹಿಡಿತವೇ ಸಿಗುವುದಿಲ್ಲ. ಕಿರುಬೆರಳು ಮೌಸ್ ಬಿಟ್ಟು ಪ್ಯಾಡ್ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಎತ್ತಿದಾಗಲೆಲ್ಲ ಮೌಸ್ ಒಂದು ಕಡೆ ವಾಲುತ್ತದೆ, ಇಟ್ಟಾಗ ಗುರಿ ಒಂದಿಷ್ಟು ಪಕ್ಕಕ್ಕೆ ಹೋಗಿರುತ್ತದೆ. ಅಣ್ಣನ ದೊಡ್ಡ ಮೌಸಿನಲ್ಲಿ ಆಡುವಾಗ ಒಂದೆರಡು ಮ್ಯಾಚ್ ಆಗುವಷ್ಟರಲ್ಲಿ ನನ್ನ ಹೆಬ್ಬೆರಳಿನ ಬುಡ ನೋಯುತ್ತಿತ್ತು. ಮಿನಿಯಲ್ಲಿ ಐದೂ ಬೆರಳು ಮೌಸ್ ಮೇಲೆಯೇ ಕೂರುತ್ತವೆ. ಎತ್ತಿದರೆ ನೇರ ಏಳುತ್ತದೆ.

ಉದ್ದ ಒಂದನ್ನೇ ನೋಡಿದರೆ ಸಾಲದು ಅನ್ನುವುದಕ್ಕೆ ಲಾಜಿಟೆಕ್ ಜಿ304 ಒಳ್ಳೆಯ ಉದಾಹರಣೆ. ಗೇಮ್ ಆಡುವ ಹುಡುಗರ ಮೇಜಿನ ಮೇಲೆ ಆಗಾಗ ಕಾಣುವ ಮೌಸ್ ಅದು. 116.6 ಮಿಲಿಮೀಟರ್, ಅಂದರೆ ಮಿನಿಗಿಂತ ಕೊಂಚ ಗಿಡ್ಡವೇ. ಆದರೆ ಮೈ ತುಂಬಿಕೊಂಡಿದೆ, ಒಳಗೆ ಒಂದು ಎಎ ಸೆಲ್, ಒಟ್ಟು 99 ಗ್ರಾಂ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಅದು ಹಿತವಾಗಬಹುದು. ನಾನು ಬೆರಳು ಬಾಗಿಸಿ, ಅಂಗೈಯ ಹಿಂಭಾಗ ಮಾತ್ರ ತಾಗಿಸಿ ಹಿಡಿಯುವವಳು, ಕ್ಲಾ ಗ್ರಿಪ್ ಅಂತಾರಲ್ಲ, ಅದು. ನನಗೆ ಮಿನಿಯೇ ಸರಿ.

ಕ್ಲಿಕ್ ಬಗ್ಗೆ ಹೇಳಲೇಬೇಕು. ಸಾಮಾನ್ಯ ಮೌಸಿನ ಬಟನ್ ಒಳಗೆ ಲೋಹದ ಪುಟ್ಟ ಪಟ್ಟಿ ಇರುತ್ತದೆ. ಅದು ಸವೆದು ಹೋದಾಗ ಒಂದು ಸಲ ಒತ್ತಿದರೆ ಎರಡು ಕ್ಲಿಕ್ ಬೀಳುತ್ತದೆ. ಇದಕ್ಕೂ ಮೊದಲು ನನ್ನ ಹತ್ತಿರ ಇದ್ದ ಬೇರೆ ಕಂಪನಿಯ ಮೌಸ್ ಹಾಗೇ ಹಾಳಾಗಿತ್ತು. ಒಂದು ಫೈಲ್ ಆರಿಸಲು ಹೋದರೆ ಅದು ತೆರೆದೇಬಿಡುತ್ತಿತ್ತು. ವೈಪರ್ ಮಿನಿಯಲ್ಲಿ ಒತ್ತಿದ್ದನ್ನು ಗುರುತಿಸುವುದು ಇನ್‌ಫ್ರಾರೆಡ್ ಬೆಳಕು, ಲೋಹಕ್ಕೆ ಲೋಹ ತಾಗಿ ಸಂಪರ್ಕ ಆಗಬೇಕಾಗಿಲ್ಲ. ಕಂಪನಿ ಹೇಳುವುದು 5 ಕೋಟಿ ಕ್ಲಿಕ್ ಬಾಳಿಕೆ ಅಂತ. ನನ್ನದು ಇನ್ನೂ ಹೊಸದರಂತೆಯೇ ಕ್ಲಿಕ್ ಆಗುತ್ತಿದೆ.

ಸೆನ್ಸರ್ 8500 ಡಿಪಿಐವರೆಗೆ ಹೋಗುತ್ತದೆ. ನಾನು 800 ದಾಟಿಲ್ಲ. ಆ ದೊಡ್ಡ ಅಂಕಿಗೆ ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ. ಬಣ್ಣದ ಲೈಟ್ ಇದೆ, ಆರಿಸಿದ್ದೇನೆ.

ಮೌಸಿನ ಬದಿಗಳಲ್ಲಿ ರಬ್ಬರ್ ಇಲ್ಲ, ಒರಟು ಪ್ಲಾಸ್ಟಿಕ್. ನಮ್ಮ ಕರಾವಳಿಯ ಸೆಕೆಯಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ, ಕೈ ಬೆವರುವುದು ನಿಲ್ಲುವುದೇ ಇಲ್ಲ. ಹಾಗಾಗಿ ಎರಡೂ ಬದಿಗೆ ತೆಳ್ಳನೆಯ ಗ್ರಿಪ್ ಟೇಪ್ ಕತ್ತರಿಸಿ ಅಂಟಿಸಿದ್ದೇನೆ. ದಪ್ಪ ಟೇಪ್ ಹಾಕಬೇಡಿ, ಅಗಲ ಕಡಿಮೆ ಅಂತ ತಾನೇ ಇದನ್ನು ತಗೊಳ್ಳೋದು, ಅಲ್ವಾ? ವೈರ್ 1.8 ಮೀಟರ್, ಮೆತ್ತಗಿನ ಬಟ್ಟೆ ಹೆಣಿಗೆ. ಮಾನಿಟರ್ ಸ್ಟ್ಯಾಂಡಿಗೆ ಒಂದು ಬೈಂಡರ್ ಕ್ಲಿಪ್ ಹಾಕಿ, ಅದರ ಕಿವಿಯೊಳಗೆ ವೈರ್ ತೂರಿಸಿ, ಮುಂದೆ ಒಂದು ಗೇಣು ಸಡಿಲ ಬಿಟ್ಟರೆ ಎಳೆತವೇ ಗೊತ್ತಾಗುವುದಿಲ್ಲ. ಚಾರ್ಜ್ ಹಾಕುವ ಚಿಂತೆಯೂ ಇಲ್ಲ.

ವೈರ್‌ಲೆಸ್ಸೇ ಬೇಕು ಅನ್ನುವವರಿಗೆ ಇದೇ ಹೆಸರಿನ ಸಿಗ್ನೇಚರ್ ಎಡಿಷನ್ 2023ರಲ್ಲಿ ಬಂತು. ಮೆಗ್ನೀಸಿಯಂ ಮೈ, 49 ಗ್ರಾಂ. ಆದರೆ ಅಮೆರಿಕದಲ್ಲೇ ಅದರ ಬೆಲೆ ಸುಮಾರು 280 ಡಾಲರ್ ಇತ್ತು. ಅಷ್ಟು ಕೊಡಲು ನನಗಂತೂ ಮನಸ್ಸಿಲ್ಲ.

ನಿಮ್ಮ ಕೈ 19 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಇದು ಬೇಡ, ಬೆರಳು ಮುಂದಕ್ಕೆ ಚಾಚಿಕೊಳ್ಳುತ್ತದೆ. ಎಡಗೈಯವರು ಒಂದು ಗಮನಿಸಿ: ಆಕಾರ ಎರಡೂ ಕೈಗೆ ಹೊಂದುತ್ತದೆ, ಆದರೆ ಪಕ್ಕದ ಬಟನ್ ಇರುವುದು ಎಡಬದಿಯಲ್ಲಿ ಮಾತ್ರ, ಅವಕ್ಕೆ ನಿಮ್ಮ ಹೆಬ್ಬೆರಳು ಸಿಗುವುದಿಲ್ಲ. ಅಂಗಡಿಯಲ್ಲಿ ಕೈಗೆ ಕೊಟ್ಟರೆ ಬರೀ ಜಾರಿಸಿ ನೋಡಿ ವಾಪಸ್ ಕೊಟ್ಟುಬಿಡಬೇಡಿ. ನಾಲ್ಕೈದು ಸಲ ಎತ್ತಿ ಪಕ್ಕಕ್ಕಿಡಿ, ಆಗ ಕಿರುಬೆರಳು ಎಲ್ಲಿರುತ್ತದೆ ನೋಡಿ.